ಎಂಟನೇದು ತಿಪ್ಪಮ್ಮ

ನಿವೃತ್ತಿಯಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯುತ್ತದೆ. ನನ್ನ ಜೊತೆ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಒಬ್ಬರು ತಾರಸಿಯ ತುಂಬ ಹೂಕುಂಡ ಜೋಡಿಸಿದರು, ಇನ್ನೊಬ್ಬರು ಬೆಳಗಿನ ಜಾವ ಎದ್ದು ಯೋಗಕ್ಕೆ ಹೊರಟರು. ನನಗೆ ಹಿಡಿದದ್ದು ವಂಶವೃಕ್ಷದ ಹುಚ್ಚು. ಅರಸೀಕೆರೆಯ ನಮ್ಮ ಮನೆಯ ಗೋಡೆಗೆ, ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುವ ಕಂದು ಕಾಗದವನ್ನು ಅಗಲಕ್ಕೆ ಅಂಟಿಸಿಕೊಂಡು, ಅದರ ಮೇಲೆ ಅಪ್ಪನ ಕಡೆಯ ಆರು ತಲೆಮಾರನ್ನು ಹತ್ತಿಸಿ ಕೂರಿಸಿದ್ದೇನೆ. ಇದಕ್ಕಾಗಿ ನಾನು ತುಳಿಯದ ಹೊಸ್ತಿಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಹಳೇ ಪಹಣಿ ತೆಗೆಸಿ ನೋಡಿದೆ, ಬಸದಿಯ ಪುರೋಹಿತರ ಹತ್ತಿರ ಹಳೇ ಲಗ್ನಪತ್ರಿಕೆಗಳನ್ನು ಕೇಳಿ ಪಡೆದೆ, ಮದುವೆಮನೆಗಳಲ್ಲಿ ಊಟಕ್ಕೆ ಕೂತ ಮುದುಕಿಯರನ್ನು ಪಾಯಸ ಬರುವ ಮುಂಚೆ ಹಿಡಿದು ಅವರ ಅತ್ತೆಯ ಅತ್ತೆ ಯಾರ ಮನೆಯ ಹೆಣ್ಣು ಎಂದು ಪೀಡಿಸಿದೆ. ಈಗ ನನ್ನನ್ನು ಕಂಡರೆ ನೆಂಟರು ಬೇರೆ ಸಾಲಿನಲ್ಲಿ ಎಲೆ ಹಾಕಿಸಿಕೊಳ್ಳುತ್ತಾರೆ.

ಹೋದ ವರ್ಷ ನನ್ನ ತಮ್ಮ ಅಜಿತ ಬೇಲೂರಿನಿಂದ ಬಂದ. ಅಲ್ಲಿ ಅವನದು ಜವಳಿ ಅಂಗಡಿ. ಕಾಗದವನ್ನು ಬುಡದಿಂದ ತುದಿಯವರೆಗೆ ನೋಡಿ, ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಎಲ್ಲರ ಮನೆಗೂ ಒಂದೊಂದು ಕೊಡೋಣ ಅಂದ. ಅಪ್ಪ ಅಮ್ಮನ ಹೆಸರಿನ ಕೆಳಗೆ ಅವನ ಹೆಸರಿತ್ತು, ತಂಗಿ ವಿಜಯಳ ಹೆಸರಿತ್ತು, ಹುಟ್ಟಿ ಕೆಲವೇ ದಿನದಲ್ಲಿ ತೀರಿಕೊಂಡ ಮೂರು ಕೂಸುಗಳಿಗೆ ಮೂರು ಸಣ್ಣ ಸೊನ್ನೆಗಳಿದ್ದವು. ಆಮೇಲೆ ಅವನು ನನ್ನ ಕಡೆ ತಿರುಗಿದ.

"ಅಕ್ಕ, ಎಲ್ಲರನ್ನೂ ಬರೆದಿದ್ದೀಯ. ನೀನೇ ಇಲ್ವಲ್ಲ ಇದರಲ್ಲಿ?"

ಜಾಗ ಸಾಲಲಿಲ್ಲ, ಆಮೇಲೆ ಬರೀತೀನಿ ಅಂದೆ. ಸೊನ್ನೆಗಳಿಗೂ ಅಜಿತನಿಗೂ ನಡುವೆ ಅಂಗೈಯಗಲ ಜಾಗ ಖಾಲಿ ಬಿದ್ದಿತ್ತು. ಅವನು ಸಭ್ಯ, ಮತ್ತೆ ಕೇಳಲಿಲ್ಲ. ಆ ಜಾಗವನ್ನು ನಾನು ಯಾಕೆ ಬಿಟ್ಟಿದ್ದೆ ಅನ್ನುವುದನ್ನು ನನ್ನ ಗಂಡನಿಗೆ ಕೂಡ ಅವರು ಇರುವ ತನಕ ಹೇಳಿರಲಿಲ್ಲ. ಆ ಮನೆಯಲ್ಲಿ ಬೆಳೆದ ನಾನು ಆ ಮನೆಯಲ್ಲಿ ಹುಟ್ಟಿದವಳಲ್ಲ ಎಂದು ಎಂಟನೇ ವಯಸ್ಸಿನಿಂದ ನಂಬಿಕೊಂಡಿದ್ದೆ. ಅದನ್ನು ಹೇಳಬೇಕಾದರೆ ಆ ಮನೆಯಿಂದಲೇ ಶುರು ಮಾಡಬೇಕು.

ಹಳೇಬೀಡಿನ ಬಸದಿಗಳ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮುಂದೆ ಜಗಲಿ, ಒಳಗೆ ನಾಲ್ಕು ಕಂಬದ ತೊಟ್ಟಿ, ತೊಟ್ಟಿಯ ಎಡಕ್ಕೆ ಅಜ್ಜಿಯ ಕೋಣೆ, ಬಲಕ್ಕೆ ಅಪ್ಪ ಅಂಗಡಿಯ ಬಟ್ಟೆ ಗಂಟು ಇಡುತ್ತಿದ್ದ ಕೋಣೆ. ಆ ಕೋಣೆಗೆ ಹೊಸ ಗಂಜಿ ಬಟ್ಟೆಯ ವಾಸನೆ. ಅಡುಗೆಮನೆಯಲ್ಲಿ ಎರಡು ಹಿತ್ತಾಳೆ ಹಂಡೆ, ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಬಿಳಿ ಬಟ್ಟೆಯಲ್ಲಿ ಸೋಸಿದ ನೀರು. ಸೋಸದ ನೀರಿಗೆ ಚೊಂಬು ಅದ್ದಿ ಕುಡಿದರೆ ಅಜ್ಜಿ ಇಡೀ ದಿನ ಮಾತು ಬಿಡುತ್ತಿದ್ದಳು. ನಮ್ಮ ಮನೆಯ ದೊಡ್ಡ ಕಟ್ಟಳೆ ಅಂದರೆ ಊಟದ್ದು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವ ಹಾಗಿಲ್ಲ. ಸಂಜೆಯಾಗುತ್ತಿದ್ದ ಹಾಗೆ ಅಜ್ಜಿ ತೊಟ್ಟಿಯ ಅಂಚಿನಲ್ಲಿ ಕೂತು ಬಿಸಿಲು ಯಾವ ಕಂಬದವರೆಗೆ ಏರಿತು ಎಂದು ಕೂಗಿ ಹೇಳುತ್ತಿದ್ದಳು, ಅಮ್ಮ ಒಲೆಯ ಮುಂದೆ ದಡಬಡ ಅನ್ನುತ್ತಿದ್ದಳು, ಅಪ್ಪ ಅಂಗಡಿಯಿಂದ ಹೆಚ್ಚುಕಮ್ಮಿ ಓಡಿಕೊಂಡೇ ಬರುತ್ತಿದ್ದ. ಬಿಸಿಲು ಮಾಡಿಗೆ ಹತ್ತುವಷ್ಟರಲ್ಲಿ ನಾವೆಲ್ಲ ಕೈ ತೊಳೆದಾಗಿರಬೇಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಮನೆಯೊಳಗೆ ಬರುವ ಹಾಗೇ ಇರಲಿಲ್ಲ.

ಈ ಕಟ್ಟಳೆ ನನ್ನೊಬ್ಬಳಿಗೆ ಮಾತ್ರ ಸಡಿಲ. ನಮ್ಮ ಹಿತ್ತಿಲಿಗೂ ಪಕ್ಕದ ಸಿದ್ದೇಗೌಡರ ಹಿತ್ತಿಲಿಗೂ ನಡುವೆ ಮಣ್ಣಿನ ಗೋಡೆ, ಗೋಡೆಯಲ್ಲಿ ಒಬ್ಬರು ಬಗ್ಗಿ ದಾಟುವಷ್ಟು ಒಂದು ಕಂಡಿ. ಆಚೆ ಸಿದ್ದೇಗೌಡರ ಹೆಂಡತಿ ನಂಜಮ್ಮ. ನಾನು ಅವಳನ್ನು ನಂಜವ್ವ ಅನ್ನುತ್ತಿದ್ದೆ. ಏಳು ಹೆತ್ತು ಏಳನ್ನೂ ಉಳಿಸಿಕೊಂಡ ಗಟ್ಟಿ ಹೆಂಗಸು, ನಾಲ್ಕು ಗಂಡು ಮೂರು ಹೆಣ್ಣು. ಕೊನೆಯವಳು ಜಯಮ್ಮ, ನನ್ನ ಓರಗೆಯವಳು. ಅವರ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಮುದ್ದೆ ತಿರುವುತ್ತಿದ್ದರು. ನಾನು ನಮ್ಮ ಮನೆಯಲ್ಲಿ ಬಿಸಿಲಲ್ಲಿ ಒಂದು ಊಟ ಮುಗಿಸಿ, ಕಂಡಿ ದಾಟಿ, ಅಲ್ಲಿ ಬುಡ್ಡಿದೀಪದ ಬೆಳಕಿನಲ್ಲಿ ಮುದ್ದೆ ಸೊಪ್ಪಿನ ಸಾರು ಹೊಡೆದು, ಹಸಿ ಈರುಳ್ಳಿ ಕಚ್ಚಿಕೊಂಡು ಬರುತ್ತಿದ್ದೆ. ಅವರು ಬಾಡು ಬೇಯಿಸಿದ ದಿನ ಮಾತ್ರ ನಂಜವ್ವ ನನ್ನನ್ನು ಕಂಡಿಯ ಹತ್ತಿರವೇ ತಡೆದು, ಇವತ್ತು ಬ್ಯಾಡ ಕಣವ್ವ ಹೋಗು ಎಂದು ಕೈಗೊಂದು ಬೆಲ್ಲದ ಚೂರು ಕೊಟ್ಟು ಓಡಿಸುತ್ತಿದ್ದಳು.

ಈರುಳ್ಳಿಯ ವಾಸನೆ ಅಜ್ಜಿಯ ಮೂಗಿಗೆ ಎಲ್ಲಿಂದಲೋ ಬಡಿಯುತ್ತಿತ್ತು. ಆಗ ಜಗಳ. ಜಿನೇಂದ್ರನ ಮನೆಯಲ್ಲಿ ಹುಟ್ಟಿದವರು ಕತ್ತಲಲ್ಲಿ ಗಡ್ಡೆ ತಿಂದುಕೊಂಡು ಬರುವುದೇ, ನೀನು ನೋಡಿಕೊಂಡು ಸುಮ್ಮನಿದ್ದೀಯಲ್ಲ ಎಂದು ಅಜ್ಜಿ ಅಮ್ಮನ ಮೇಲೆ ಹರಿಹಾಯುತ್ತಿದ್ದಳು. ಅಮ್ಮ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಇದೊಂದೇ ವಿಷಯದಲ್ಲಿ. ಅದೂ ತಲೆ ಎತ್ತದೆ, ಒಲೆಯ ಕಡೆ ಮುಖ ಮಾಡಿಕೊಂಡೇ.

"ಆ ಬಾಯಿ ಅವರ ಮನೇದು ಅತ್ತೆ. ತಿನ್ನಲಿ ಬಿಡಿ."

ಅಜ್ಜಿ ಅಷ್ಟಕ್ಕೇ ಸುಮ್ಮನಾಗುತ್ತಿದ್ದಳು. ಅದೇ ಅಜಿತ ಒಂದು ದಿನ ನನ್ನ ಹಿಂದೆ ಬಂದು ಒಂದು ಎಸಳು ಈರುಳ್ಳಿ ಬಾಯಿಗೆ ಹಾಕಿಕೊಂಡದ್ದಕ್ಕೆ ಅಮ್ಮ ಅವನ ಬೆನ್ನಿಗೆ ಬಾರಿಸಿ, ಬಾಯಿ ತೊಳೆಸಿ, ಬಸದಿಗೆ ಕರೆದುಕೊಂಡು ಹೋಗಿ ಅಡ್ಡ ಬೀಳಿಸಿದಳು. ಅವನು ಅಳುತ್ತಿದ್ದ. ನನಗೆ ಹೊಟ್ಟೆಕಿಚ್ಚು. ನನ್ನ ಬೆನ್ನಿಗೆ ಯಾರೂ ಯಾಕೆ ಬಾರಿಸುವುದಿಲ್ಲ ಎಂದು ಯೋಚಿಸಿಕೊಂಡು ಕೂತಿದ್ದೆ.

ಹೆಸರನ್ನೇ ನೋಡಿ. ತಮ್ಮ ಅಜಿತ, ತಂಗಿ ವಿಜಯ, ಇಬ್ಬರಿಗೂ ತೂಗಿ ನೋಡಿ ಇಟ್ಟ ಹೆಸರು. ನಾನು ತಿಪ್ಪಮ್ಮ. ತಿಪ್ಪೆಯ ತಿಪ್ಪಮ್ಮ. ನಮ್ಮ ಕುಲದಲ್ಲಿ ಹಿಂದೆ ಮುಂದೆ ಯಾರಿಗೂ ಈ ಹೆಸರಿಲ್ಲ, ಆರು ತಲೆಮಾರು ಜಾಲಾಡಿದವಳು ಹೇಳುತ್ತಿದ್ದೇನೆ. ದೀಪಾವಳಿಯ ಎಣ್ಣೆನೀರಿನ ದಿನ ಅಮ್ಮ ಅವರಿಬ್ಬರನ್ನೂ ಮಣೆಯ ಮೇಲೆ ಕೂರಿಸಿ, ನೂರು ವರ್ಷ ಬಾಳು ಎಂದು ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು. ನನ್ನ ಸರದಿ ಬಂದಾಗ ಬಟ್ಟಲು ಕೆಳಗಿಟ್ಟು, ನಂಜಕ್ಕ ಬಂದು ಹಚ್ಚಲಿ ಅನ್ನುತ್ತಿದ್ದಳು. ನಂಜವ್ವ ತನ್ನ ಏಳು ತಲೆ ಮುಗಿಸಿ ಬರುವ ತನಕ ನಾನು ಒದ್ದೆ ನೆಲದ ಮೇಲೆ ಚಳಿಯಲ್ಲಿ ಕಾಯಬೇಕು. ಹೊಸ ಲಂಗ ಕೂಡ ನನಗೆ ಕಂಡಿಯ ಆಚೆಯಿಂದಲೇ ಬರುತ್ತಿತ್ತು, ನಂಜವ್ವನ ಕೈಯಿಂದ. ಅದರ ಬಟ್ಟೆ ನಮ್ಮ ಅಂಗಡಿಯದೇ, ವಿಜಯಳ ಲಂಗದ ಹೂವೇ ನನ್ನ ಲಂಗದ ಮೇಲೂ ಇರುತ್ತಿತ್ತು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಜಾಣೆ ಎಂದು ಮೇಷ್ಟ್ರು ಹೊಗಳುತ್ತಿದ್ದ ಹುಡುಗಿ ನಾನು.

ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮ ನನ್ನನ್ನು ಮಗಳೇ ಎಂದು ಒಂದು ದಿನವೂ ಕರೆಯಲಿಲ್ಲ. ಬಂದವರು ಇವಳು ನಿಮ್ಮ ದೊಡ್ಡ ಮಗಳೇ ಎಂದು ಕೇಳಿದರೆ, ಬನ್ನಿ ಕೂತುಕೊಳ್ಳಿ ಎಂದು ಮಾತು ತಿರುಗಿಸುತ್ತಿದ್ದಳು. ಹಾಗೆಂದು ಕಷ್ಟ ಕೊಟ್ಟಳೇ ಅಂದರೆ ಅದೂ ಇಲ್ಲ. ಜ್ವರ ಬಂದರೆ ರಾಗಿ ಗಂಜಿ ಕಾಯಿಸಿ ನಂಜವ್ವನ ಕೈಗೆ ಕೊಟ್ಟು ಕುಡಿಸುತ್ತಿದ್ದಳು, ತಾನು ಬಾಗಿಲಲ್ಲಿ ನಿಂತು ಕೊನೆಯ ಗುಟುಕು ಇಳಿಯುವ ತನಕ ನೋಡುತ್ತಿದ್ದಳು. ಬಸದಿಯ ನುಣುಪು ಕಂಬಗಳಲ್ಲಿ ಮುಖ ಕಾಣುತ್ತದಲ್ಲ, ಊರಿನ ಮಕ್ಕಳೆಲ್ಲ ಅಲ್ಲಿ ಹಲ್ಲು ಕಿರಿದು ಆಡುತ್ತಿದ್ದರು. ನಾನು ಮಾತ್ರ ಅಮ್ಮ ಪ್ರದಕ್ಷಿಣೆ ಬರುವ ಹೊತ್ತಿಗೆ ಸರಿಯಾಗಿ ಕಂಬದ ಪಕ್ಕ ನಿಂತು, ನನ್ನ ಮೂಗಿಗೂ ಅವಳ ಮೂಗಿಗೂ ಹೋಲಿಕೆ ಇದೆಯೇ ಎಂದು ಹುಡುಕುತ್ತಿದ್ದೆ. ಆ ಕಂಬದಲ್ಲಿ ಯಾರ ಮುಖ ಬಿದ್ದರೂ ಸೋರೆಕಾಯಿಯ ಹಾಗೇ ಕಾಣುತ್ತದೆ. ನನ್ನ ಮೊದಲ ಸಂಶೋಧನೆ ಹಾಗೆ ನೆಲ ಕಚ್ಚಿತು.

ಅಮ್ಮನ ಮೊದಲ ಮೂರು ಕೂಸುಗಳು ಉಳಿಯಲಿಲ್ಲ ಅನ್ನುವುದು ಅಜ್ಜಿಯ ಬಾಯಿಂದ ಗೊತ್ತಿತ್ತು. ತಿಪ್ಪಮ್ಮನನ್ನ ತೌಡಿಗೆ ಕೊಂಡದ್ದು ಅನ್ನುವ ಮಾತೂ ಆಗಾಗ ಕಿವಿಗೆ ಬೀಳುತ್ತಿತ್ತು. ಅದಕ್ಕೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಹಟ ಮಾಡುವ ಮಗುವಿಗೆ ನಿನ್ನನ್ನ ತೌಡು ಕೊಟ್ಟು ತಗೊಂಡಿದ್ದು ಎಂದು ರೇಗಿಸದ ಮನೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ಜಯಮ್ಮನಿಗೂ ಹೇಳುತ್ತಿದ್ದರು, ಎಲ್ಲರಿಗೂ ಹೇಳುತ್ತಿದ್ದರು. ಅದು ಬರೀ ತಮಾಷೆಯಲ್ಲ ಎಂದು ನನಗೆ ಹೊಳೆದದ್ದು ಹೆಳವ ಬಂದ ದಿನ.

ಹೆಳವರು ಅಂದರೆ ಒಕ್ಕಲು ಮನೆಗಳ ವಂಶಾವಳಿ ಇಟ್ಟುಕೊಂಡು ಬರುವವರು. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಂದು ಸಲ, ಸುಗ್ಗಿ ಮುಗಿದ ಮೇಲೆ, ಸಿಂಗರಿಸಿದ ಎತ್ತು ಹೊಡೆದುಕೊಂಡು ಗಂಟೆ ಬಾರಿಸುತ್ತ ಬಂದು, ತಮಗೆ ಸೇರಿದ ಮನೆಗಳ ಮುಂದೆ ಕೂತು, ಆ ಮನೆಯ ಮೂಲಪುರುಷ ಎಲ್ಲಿಂದ ಬಂದ, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂಬುದನ್ನು ರಾಗವಾಗಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರನ್ನು ಬಟ್ಟೆ ಸುತ್ತಿದ ಪುಸ್ತಕದಲ್ಲಿ ಸೇರಿಸಿಕೊಂಡು, ರಾಗಿಯೋ ಕಂಬಳಿಯೋ ಪಡೆದು ಹೋಗುತ್ತಿದ್ದರು. ನಮ್ಮ ಜೈನರ ಮನೆಗೆ ಅವರು ಬರುತ್ತಿರಲಿಲ್ಲ, ಸಿದ್ದೇಗೌಡರ ಮನೆಗೆ ಬರುತ್ತಿದ್ದರು. ಹೆಳವನ ಬಾಯಲ್ಲಿ ಸುಳ್ಳು ಬರಲ್ಲ ಅನ್ನುವುದು ಊರಿನ ಮಾತು. ಪಾಲಿನ ಜಗಳ ಬಂದರೂ ಹೆಳವನ ಮಾತೇ ಕೊನೆ.

ಅವತ್ತು ಬೆಳಗ್ಗೆ ಸಿದ್ದೇಗೌಡರ ಜಗಲಿಯ ಮೇಲೆ ಹೆಳವ ಕೂತಿದ್ದ, ಕೆಳಗೆ ಬೀದಿಯ ಮಕ್ಕಳೆಲ್ಲ, ಅವರ ಮಧ್ಯೆ ನಾನು. ಹಿರಿಯರದೆಲ್ಲ ಹೇಳಿ, ಸಿದ್ದೇಗೌಡರ ಹತ್ತಿರ ಬಂದು, ನಾಲ್ಕು ಗಂಡುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದ. ಹೆಣ್ಣುಮಕ್ಕಳಿಗೆ ಹೆಸರಿಲ್ಲ, ಹೆಣ್ಣು ಮೂರು ಎಂದು ಒಂದೇ ಉಸಿರಿಗೆ ಮುಗಿಸಿದ. ಅಲ್ಲಿಗೆ ಏಳಾಯಿತು. ಅವನು ನಿಲ್ಲಿಸಲಿಲ್ಲ. ಒಂದು ಸಲ ಗಂಟೆ ಅಲ್ಲಾಡಿಸಿ ದನಿ ಏರಿಸಿದ.

"ಎಂಟನೇದು ತಿಪ್ಪಮ್ಮ!"

ಜಯಮ್ಮ ಭೋ ಎಂದು ಅಳಲು ಶುರುಮಾಡಿದಳು. ಹೊಟ್ಟೆಯಲ್ಲಿ ಹುಟ್ಟಿದ ತನ್ನ ಹೆಸರು ಬಿಟ್ಟು ಪಕ್ಕದ ಮನೆಯವಳ ಹೆಸರು ಹೇಳಿದರೆ ಯಾರಿಗಾದರೂ ಅಳು ಬರುತ್ತದೆ. ನಂಜವ್ವ ಮಾತ್ರ ನಗುತ್ತ ನಿಂತಿದ್ದಳು, ಮೊರದ ತುಂಬ ರಾಗಿ ತಂದು ಹೆಳವನ ಜೋಳಿಗೆಗೆ ಸುರಿದಳು. ನನ್ನ ತಲೆಯಲ್ಲಿ ಎಲ್ಲವೂ ಒಂದೇ ಸಲ ಕೂಡಿಕೊಂಡಿತು. ಒಂದು ಮನೆಯಲ್ಲಿ ಮಕ್ಕಳು ಉಳಿಯುವುದಿಲ್ಲ, ಪಕ್ಕದ ಮನೆಯಲ್ಲಿ ಎಂಟು. ಇಲ್ಲದವರು ಇದ್ದವರ ಹತ್ತಿರ ಒಂದನ್ನು ತೌಡು ಕೊಟ್ಟು ಕೊಂಡರು. ಆಮೇಲೆ ಅವರಿಗೆ ಸ್ವಂತದ್ದೇ ಎರಡು ಹುಟ್ಟಿ ಉಳಿದವು. ಕೊಂಡದ್ದು ಮನೆಯಲ್ಲಿ ಹಾಗೇ ಉಳಿದುಕೊಂಡಿತು. ಆ ಬಾಯಿ ಅವರ ಮನೇದು ಎಂದು ಅಮ್ಮ ಹೇಳುತ್ತಿದ್ದದ್ದಕ್ಕೆ ಇನ್ನೇನು ಅರ್ಥ?

ಕಂಡಿ ದಾಟಿ ಓಡಿ ಬಂದೆ. ಅಮ್ಮ ಹಿತ್ತಿಲಲ್ಲಿ ಹೆಸರುಕಾಳು ಆರಿಸುತ್ತ ಕೂತಿದ್ದಳು. ಹೆಳವ ನನ್ನ ಹೆಸರು ಹೇಳಿದ, ಅವರ ಮಕ್ಕಳ ಜೊತೆ ಹೇಳಿದ ಅಂದೆ. ಸುಳ್ಳು ಕಣೇ, ನೀನು ನನ್ನ ಮಗಳು ಎಂದು ಅವಳು ಬೈಯಲಿ, ಬೈದು ಹೋಗಿ ಹೆಳವನ ಎತ್ತನ್ನು ಓಡಿಸಿ ಬರಲಿ ಎಂದು ಕಾಯುತ್ತಿದ್ದೆ. ಅಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು ಎದ್ದು ನಿಂತಳು.

"ಜೋರಾಗಿ ಹೇಳಿದನಾ? ಎಲ್ಲರಿಗೂ ಕೇಳಿಸ್ತಾ?"

ಹೂಂ ಅಂದೆ. ಅಮ್ಮ ನಕ್ಕಳು. ಹಲ್ಲು ಕಾಣುವ ಹಾಗೆ ನಗುವ ಹೆಂಗಸಲ್ಲ ಅವಳು, ಅವತ್ತು ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಳಗೆ ಹೋಗಿ ಒಂದು ಹೋಳು ಕೊಬ್ಬರಿ, ಅದರೊಳಗೆ ಬೆಲ್ಲ ಇಟ್ಟು ತಂದು ಕೊಟ್ಟಳು. ನನ್ನನ್ನು ಬೇರೆಯವರ ಲೆಕ್ಕಕ್ಕೆ ಸೇರಿಸಿದ್ದಕ್ಕೆ ಇಷ್ಟು ಸಂತೋಷ! ಕೊಬ್ಬರಿಯನ್ನು ದನದ ಕೊಟ್ಟಿಗೆಯ ಹಿಂದೆ ಎಸೆದೆ. ಸ್ವಲ್ಪ ಹೊತ್ತಿನ ಮೇಲೆ ಹೋಗಿ, ಎತ್ತಿ, ಒರೆಸಿ ತಿಂದೆ. ಬೆಲ್ಲ ಯಾರು ಕೊಟ್ಟರೂ ಬೆಲ್ಲವೇ.

ಅವತ್ತಿನಿಂದ ನಾನು ಆ ಮನೆಯಲ್ಲಿ ನೆಂಟರ ಹಾಗೆ ಇದ್ದೆ. ಎರಡನೇ ಸಲ ಬಡಿಸಿ ಎಂದು ಕೇಳುತ್ತಿರಲಿಲ್ಲ. ಹೊಸ ಹಾಸಿಗೆಗೆ ಜಗಳ ಆಡಲಿಲ್ಲ. ಯಾರ ಹಂಗೂ ಬೇಡ ಎಂದು ಹಟ ಹಿಡಿದು ಓದಿದೆ, ಕೆಲಸ ಹಿಡಿದೆ. ಮೇಡಂ ಬಹಳ ಕಟ್ಟುನಿಟ್ಟು, ಯಾರ ಹತ್ತಿರವೂ ಏನೂ ಕೇಳುವವರಲ್ಲ ಎಂದು ಸ್ಕೂಲಿನಲ್ಲಿ ಹೆಸರಾದೆ. ಅದು ಗುಣವಲ್ಲ, ಗಾಯ. ನನ್ನ ಮದುವೆಯಲ್ಲಿ ಮೊದಲ ಅರಿಶಿನ ನಂಜಕ್ಕನೇ ಹಚ್ಚಬೇಕು ಎಂದು ಅಮ್ಮ ಹಟ ಮಾಡಿದಾಗ ಬೀಗರು ಮುಖ ಮುಖ ನೋಡಿಕೊಂಡರು, ನನಗೆ ಆಶ್ಚರ್ಯವಾಗಲಿಲ್ಲ. ಅಮ್ಮ ಕೊನೆಯ ಸಲ ಹಾಸಿಗೆ ಹಿಡಿದಾಗ ನಾನೇ ಅವಳ ಮೈ ಒರೆಸಿದೆ, ಗಂಜಿ ಕುಡಿಸಿದೆ. ಆಗಲೂ ನನ್ನನ್ನು ಕರೆಯದೆ, ವಿಜಯಳ ಕಡೆ ತಿರುಗಿ ತಿಪ್ಪಮ್ಮ ಊಟ ಮಾಡಿದಳಾ ಎಂದು ಕೇಳಿದಳು. ಕೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೌದು, ನೀನು ಅವರ ಮಗಳು ಎಂದುಬಿಟ್ಟರೆ? ಕೇಳಲಿಲ್ಲ. ಅಮ್ಮ ಹೋದಳು, ಅವಳಿಗಿಂತ ಮುಂಚೆಯೇ ಅಪ್ಪ, ಅಜ್ಜಿ, ನಂಜವ್ವ ಹೋಗಿದ್ದರು.

ಹುಚ್ಚು ಹಿಡಿಯಿತು ಅಂದೆನಲ್ಲ, ಈಗ ಯೋಚಿಸಿದರೆ ಆ ಆರು ತಲೆಮಾರಿನ ಅಜ್ಜಂದಿರೆಲ್ಲ ನೆಪ. ನನಗೆ ಬೇಕಾಗಿದ್ದದ್ದು ಒಂದೇ ಗೆರೆ. ಸ್ಕೂಲಿನ ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರೇ ಇತ್ತು, ಆದರೆ ಸಾಕಿದವರೂ ತಮ್ಮ ಹೆಸರೇ ಬರೆಸುತ್ತಾರೆ. ಮನೆಯಲ್ಲಿ ಹುಟ್ಟಿದ ಕೂಸಿಗೆ ಆ ಕಾಲದಲ್ಲಿ ಜನನ ಪತ್ರ ಯಾರು ಮಾಡಿಸಿದರು? ಉಳಿದದ್ದು ಹೆಳವನ ಪುಸ್ತಕ. ಅದೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಹುಡುಕುತ್ತ ವರ್ಷಗಳನ್ನು ಕಳೆದಿದ್ದೆ. ಅಜಿತ ಬಂದು ಆ ಖಾಲಿ ಜಾಗ ತೋರಿಸಿ ಹೋದ ಮೇಲೆ ನಿದ್ದೆ ಕೆಟ್ಟಿತು. ಪ್ರಿಂಟ್ ಹಾಕಿಸಿದರೆ ನನ್ನನ್ನು ಎಲ್ಲಿ ಬರೆಯುವುದು? ಸುಳ್ಳು ಗೆರೆ ಎಳೆಯುವುದಕ್ಕೆ ಕೈ ಬರುತ್ತಿಲ್ಲ, ಖಾಲಿ ಬಿಟ್ಟರೆ ಜನ ಕೇಳುತ್ತಾರೆ. ಬಾಣಾವರದಲ್ಲಿರುವ ಜಯಮ್ಮನಿಗೆ ಫೋನ್ ಮಾಡಿದೆ. ಹೆಳವರು ಈಗಲೂ ಬರುತ್ತಾರೆಯೇ ಎಂದು ಕೇಳಿದರೆ, ಬತ್ತಾರೆ ಕಣೇ, ಆಗಿನೋರ ಮಗ, ಎತ್ತಿಲ್ಲ, ಬೈಕಿನಲ್ಲಿ ಬತ್ತಾನೆ ಅಂದಳು. ಸುಗ್ಗಿ ಮುಗಿದು ಅವನು ಬಂದ ದಿನ ತವರಿನಿಂದ ಅವಳೇ ಫೋನ್ ಮಾಡಿದಳು. ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ತೆಂಗಿನ ತೋಟ ನೋಡಿದೆನೋ ಇಲ್ಲವೋ ನೆನಪಿಲ್ಲ, ಎರಡು ಸಲ ಇಳಿದು ವಾಪಸ್ ಹೋಗೋಣ ಅನ್ನಿಸಿದ್ದು ನೆನಪಿದೆ.

ನಾವು ಬೆಳೆದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಹಿತ್ತಿಲ ಕಂಡಿಗೆ ಇಟ್ಟಿಗೆ ಮುಚ್ಚಿದೆ. ಸಿದ್ದೇಗೌಡರ ಜಗಲಿ ಮಾತ್ರ ಅದೇ. ಹೆಳವ ನಲವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಶರಟು, ಬೈಕಿನ ಹ್ಯಾಂಡಲ್ಲಿಗೆ ಅಪ್ಪನ ಕಾಲದ ಗಂಟೆ ಕಟ್ಟಿದ್ದ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು, ಇದ್ದದ್ದು ಜಯಮ್ಮ, ನಾನು, ಅವನು. ಪುಸ್ತಕ ಬಿಚ್ಚಿ, ಸಾಲಿನ ಮೇಲೆ ಬೆರಳಿಟ್ಟು ಓದುತ್ತ ಬಂದ. ನಾಲ್ಕು ಗಂಡಿನ ಹೆಸರಾಯಿತು, ಹೆಣ್ಣು ಮೂರು ಆಯಿತು.

"ಎಂಟನೇದು ತಿಪ್ಪಮ್ಮ," ಅಂದು ಪುಟ ತಿರುಗಿಸಲು ಹೋದ.

ನಾನು ಮೂವತ್ತೈದು ವರ್ಷ ಮಕ್ಕಳ ಓದು ಕೇಳಿದವಳು. ಯಾವ ಮಗು ಯಾವ ಸಾಲು ನುಂಗಿತು ಎಂದು ಬೆರಳು ನೋಡಿ ಹೇಳಬಲ್ಲೆ. ಅವನ ಬೆರಳು ನನ್ನ ಹೆಸರಿನ ಕೆಳಗೆ ಎರಡು ಸಾಲಿನ ಮೇಲೆ ಓಡಿತು, ಬಾಯಿ ಓಡಲಿಲ್ಲ. ಎರಡು ಸಾಲು ಬಿಟ್ಟಿರಿ ಅಂದೆ. ಅವನು ಜಯಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ.

"ಅದು ಬಾಯಲ್ಲಿ ಓದೋದಲ್ಲ ಕಣಮ್ಮ. ನಮ್ಮಪ್ಪ ಬರೆದವ್ರೆ. ನೀವು ಬೇಕಾದ್ರೆ ಕಣ್ಣಲ್ಲಿ ಓದ್ಕಳಿ."

ಪುಸ್ತಕ ನನ್ನ ಕಡೆ ತಿರುಗಿಸಿದ. ಕನ್ನಡಕ ಹಾಕಿಕೊಳ್ಳಲು ಎರಡು ಸಲ ತಡಕಾಡಿದೆ. ಮಸಿ ಮಾಸಿತ್ತು, ಅಕ್ಷರ ದುಂಡಗಿತ್ತು. 'ನಂಜಮ್ಮ ಸೇರು ತೌಡಿಗೆ ಕೊಂಡ ಕೂಸು. ಹೆತ್ತವಳು ಬಸದಿ ಬೀದಿ ಪದ್ಮಾವತಮ್ಮ, ನಾಲ್ಕನೇ ಹೆರಿಗೆ. ತಿರುಗಿ ಕೊಳ್ಳುವ ತನಕ ಓದತಕ್ಕದ್ದಲ್ಲ.'

ಪದ್ಮಾವತಮ್ಮ ನನ್ನ ಅಮ್ಮ. ಮೂರು ಸಲ ಓದಿದೆ. ಕೊಂಡವಳು ಅಮ್ಮನಲ್ಲ, ನಂಜವ್ವ. ಮಾರಿದವಳು ಅಮ್ಮ. ಅರವತ್ತು ವರ್ಷ ನಾನು ಆ ವ್ಯಾಪಾರವನ್ನು ತಿರುವುಮುರುವು ಮಾಡಿಕೊಂಡು ಕೂತಿದ್ದೆ. ಜಗಲಿಯ ಮೇಲೆಯೇ ಅಳು ಬಂತು, ಜೊತೆಗೆ ನಗುವೂ ಬಂತು. ಎದೆಯ ಮೇಲಿದ್ದ ಬೀಸೋಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಜಯಮ್ಮ ಗಾಬರಿಯಾದಳು.

"ಅಯ್ಯೋ, ನಿಂಗೆ ಗೊತ್ತಿಲ್ವೇನೇ? ಊರಿಗೆಲ್ಲಾ ಗೊತ್ತಲ್ಲೇ ಇದು!"

ಊರಿಗೆಲ್ಲ ಗೊತ್ತಿದ್ದದ್ದರಿಂದಲೇ ಯಾರೂ ನನಗೆ ಹೇಳಲಿಲ್ಲ. ಜಯಮ್ಮ ಹೇಳಿದಳು. ಮೂರು ಕೂಸು ಹೋದ ಮೇಲೆ, ಮೃತ್ಯುವಿನ ಕಣ್ಣು ಪದ್ಮಕ್ಕನ ಮಡಿಲ ಮೇಲಿದೆ, ಹುಟ್ಟಿದ್ದನ್ನು ಮಕ್ಕಳು ಉಳಿಯುವ ಮನೆಗೆ ಮಾರಿಬಿಡು ಎಂದು ಹಿರಿಯರು ಹೇಳಿದರಂತೆ. ನಾನು ಹುಟ್ಟಿದ ಮೂರನೇ ದಿನ ಅಮ್ಮ ನನ್ನನ್ನು ಮೊರದಲ್ಲಿಟ್ಟು ಕಂಡಿಯಿಂದ ಆಚೆ ಕೊಟ್ಟಳಂತೆ, ನಂಜವ್ವ ಒಂದು ಸೇರು ತೌಡನ್ನು ಈಚೆ ಕೊಟ್ಟು, ತಿಪ್ಪೆಯ ಮೇಲೆ ಒಂದು ಗಳಿಗೆ ಇಟ್ಟು, ತಿಪ್ಪಮ್ಮ ಎಂದು ಕರೆದು, ನನ್ನ ಮಗಳನ್ನ ಸಾಕಿಕೊಡು ಎಂದು ವಾಪಸ್ ಕೊಟ್ಟಳಂತೆ. ಹೆಣ್ಣಿನ ಹೆಸರು ಬರೆಯದ ಹೆಳವನನ್ನು ಕಾಡಿ ಬೇಡಿ ಬರೆಸಿದ್ದೂ ಅವಳೇ. ತನ್ನದು ಎಂದು ಹೆತ್ತವಳ ಬಾಯಲ್ಲಿ ಬಂದರೆ ಕಟ್ಟು ಮುರಿದು ಮೃತ್ಯುವಿನ ಕಣ್ಣು ಮತ್ತೆ ಬೀಳುತ್ತದೆ. ಮಗು ದೊಡ್ಡದಾದ ಮೇಲೆ ಹೆತ್ತವಳು ಅಷ್ಟೇ ತೌಡು ಕೊಟ್ಟು ಬಿಡಿಸಿಕೊಳ್ಳಬೇಕು. ನನ್ನ ಮದುವೆ ಗೊತ್ತಾದಾಗ ನಂಜವ್ವ ಖಾಲಿ ಮೊರ ಹಿಡಿದು ನಮ್ಮ ಮನೆಗೆ ಬಂದಿದ್ದಳಂತೆ. ಜಯಮ್ಮ ಅವಳ ಜೊತೆಗಿದ್ದಳು.

"ನಮ್ಮವ್ವ ಅಂದ್ಲು, ಇನ್ನೇನು ಪದ್ಮಕ್ಕ, ಹಾಕು ತೌಡು, ತಗೋ ನಿನ್ ಮಗಳ್ನ ಅಂತ. ನಿಮ್ಮವ್ವ ಮೊರ ಮುಟ್ಲೇ ಇಲ್ಲ ಕಣೇ. ಬ್ಯಾಡ ನಂಜಕ್ಕ, ನಿನ್ನ ಹೆಸರಲ್ಲೇ ಇರ್ಲಿ, ಅವಳು ನನ್ನೋಳಾಗೋದು ಬ್ಯಾಡ, ಬದುಕಿದ್ರೆ ಸಾಕು ಅಂದ್ರು."

ಎಣ್ಣೆಯ ಬಟ್ಟಲು ಕೆಳಗಿಟ್ಟ ಕೈ, ಬಾಗಿಲಲ್ಲಿ ನಿಂತು ಗಂಜಿ ಇಳಿಯುವುದನ್ನು ನೋಡುತ್ತಿದ್ದ ಕಣ್ಣು, ಕೊಬ್ಬರಿಯೊಳಗಿನ ಬೆಲ್ಲ. ಇಡೀ ಆಯುಷ್ಯ ಆ ಹೆಂಗಸು ಒಂದು ಮಾತನ್ನು ನಾಲಿಗೆಯಲ್ಲಿ ಹಿಡಿದುಕೊಂಡೇ ಸತ್ತಳು, ನಾನು ಅದನ್ನು ಬೇಡದ ಮಗಳ ಲೆಕ್ಕಕ್ಕೆ ಹಾಕಿದೆ. ಪೆದ್ದಿ ನಾನು. ನಂಜವ್ವನ ಮಗಳಾಗಿದ್ದರೆ ನನಗೇನು ಕಡಿಮೆಯಾಗುತ್ತಿರಲಿಲ್ಲ, ಅವಳ ಮುದ್ದೆ ತಿಂದೇ ಈ ಮೂಳೆ ಗಟ್ಟಿಯಾದದ್ದು. ಅಮ್ಮನಿಗೆ ನಾನು ಬೇಕಾಗಿದ್ದೆ ಅನ್ನುವುದು ಗೊತ್ತಾದರೆ ಸಾಕಾಗಿತ್ತು.

ಹೆಳವನಿಗೆ ಕೂತಿರಿ ಎಂದು ಹೇಳಿ ಎದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ದನದ ಮೇವಿನ ಅಂಗಡಿಗೆ ಹೋಗಿ ಒಂದು ಸೇರು ತೌಡು ಕೇಳಿದೆ. ಸೇರಿನ ಲೆಕ್ಕ ಈಗ ಯಾರಿಗಿದೆ, ಕೆಜಿಯಲ್ಲಿ ತೂಗಿ ಕವರಿಗೆ ಹಾಕುತ್ತ ಅಂಗಡಿಯವನು ಎಮ್ಮೆ ಕಟ್ಟಿದ್ದೀರಾ ಮೇಡಂ ಎಂದು ಕೇಳಿದ. ಇಲ್ಲಪ್ಪ, ನನಗೇ ಅಂದೆ. ಅವನು ನನ್ನನ್ನು ಒಂದು ಸಲ ನೋಡಿ ಕವರಿನ ಬಾಯಿ ಕಟ್ಟಿ ಕೊಟ್ಟ.

ಜಯಮ್ಮ ಒಳಗಿನಿಂದ ಮೊರ ತಂದಳು. ಕೊಡಬೇಕಾದವಳೂ ಇಲ್ಲ, ಪಡೆಯಬೇಕಾದವಳೂ ಇಲ್ಲ, ಇಬ್ಬರ ಮಕ್ಕಳು ನಾವಿದ್ದೇವಲ್ಲ ಅಂದೆ. ತೌಡು ಸುರಿದೆ. ಅವಳು ಮೊರ ಎದೆಗೊತ್ತಿಕೊಂಡು, ಇಟ್ಟಿಗೆ ಮುಚ್ಚಿದ ಕಂಡಿಯ ಕಡೆ ತಿರುಗಿ ನಿಂತಳು.

"ತೌಡು ಬಂತು ಕಣಕ್ಕ. ನಿನ್ ಮಗಳ್ನ ಕರ್ಕೊಂಡು ಹೋಗು ಪದ್ಮಕ್ಕ."

ಹೆಳವ ಪುಸ್ತಕ ತೆಗೆದು, ಮೊದಲ ಸಲ ಆ ಎರಡು ಸಾಲನ್ನು ಬಾಯಲ್ಲಿ ಓದತೊಡಗಿದ. ಹೊಸಬರ ಮುಂದೆ ಸಂಕೋಚವೋ ಏನೋ, ಗುನುಗುತ್ತಿದ್ದ. ನಾನು ತಡೆದೆ.

"ಜೋರಾಗಿ ಓದಿ. ಎಲ್ಲರಿಗೂ ಕೇಳಿಸಲಿ."

ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಬೈಕಿನಿಂದ ಗಂಟೆ ಬಿಚ್ಚಿ ತಂದು ಒಂದು ಸಲ ಅಲ್ಲಾಡಿಸಿ, ಬೀದಿಯ ಆ ತುದಿಗೂ ಕೇಳಿಸುವ ಹಾಗೆ ನನ್ನ ಅಮ್ಮನ ಹೆಸರು ಓದಿದ.